ಕಾರ್ ಶೆಡ್ಡಿನ ನೆಲ ಒಡೆದು ಹೊಸದಾಗಿ ಹಾಕಿದ ಬಗೆ

ನಮ್ಮ ಕಾರ್ ಶೆಡ್ಡಿನ ನೆಲದಲ್ಲಿ ಬಿರುಕು ಅಡ್ಡಕ್ಕೆ ಹೋಗಿತ್ತು. ಗೇಟಿನಿಂದ ಸುಮಾರು ಎಂಟು ಅಡಿ ಒಳಗೆ, ಈ ಗೋಡೆಯ ಬುಡದಿಂದ ಆ ಗೋಡೆಯ ಬುಡದ ತನಕ. ಒಳಬದಿಯ ನೆಲ ಹಾಕಿದ ದಿನ ಹೇಗಿತ್ತೋ ಹಾಗೇ ಗಟ್ಟಿಯಾಗಿತ್ತು. ಗೇಟಿನ ಬದಿಯದು ಒಂದೂವರೆ ಇಂಚು ಕುಸಿದು, ಹಲವು ತುಂಡಾಗಿ, ಕಾರು ಹತ್ತುವಾಗ ಕಟಕಟ ಎನ್ನುತ್ತಿತ್ತು. ಸಿಮೆಂಟು ಕಡಿಮೆ ಹಾಕಿದ್ದರೆ ನೆಲ ಎಲ್ಲ ಕಡೆಯೂ ಹುಡಿಯೇಳಬೇಕಿತ್ತು. ಅರ್ಧ ನೆಲ ಸರಿ ಇದ್ದು ಅರ್ಧ ಮಾತ್ರ ಕೆಟ್ಟಿದೆ ಎಂದರೆ ದೋಷ ಕಾಂಕ್ರೀಟಿನದ್ದಲ್ಲ, ಅದರ ಅಡಿಯ ಮಣ್ಣಿನದ್ದು. ಇದು ಮನಸ್ಸಿಗೆ ಹೊಕ್ಕ ಮೇಲೆ ಉಳಿದ ಕೆಲಸವೆಲ್ಲ ಅದರ ಹಿಂದೆಯೇ ನಡೆಯಿತು.

ಪ್ರತಿ ಮಳೆಗಾಲ ಮುಗಿದ ಮೇಲೆ ಬಿರುಕಿಗೆ ಸಿಮೆಂಟು ಕಲಸಿ ತುಂಬುವುದು ನಮ್ಮಲ್ಲಿ ಮಾಮೂಲಿಯಾಗಿತ್ತು. ಮುಂದಿನ ಮಳೆಗೆ ಅದು ಮತ್ತೆ ಬಾಯಿ ಬಿಡುತ್ತಿತ್ತು. ಒಬ್ಬ ಕಂಟ್ರಾಕ್ಟರು ಬಂದು ನೋಡಿ, ಇದರ ಮೇಲೆಯೇ ಎರಡು ಇಂಚು ಕಾಂಕ್ರೀಟು ಹಾಕಿ ಟೈಲ್ಸ್ ಕೂರಿಸಿದರೆ ಮುಗಿಯಿತು ಎಂದರು. ಅವರು ಹೋದ ಮೇಲೆ ನಾನು ಸುತ್ತಿಗೆ ಹಿಡಿದು ನೆಲವನ್ನೆಲ್ಲ ತಟ್ಟುತ್ತಾ ಬಂದೆ. ಒಳಬದಿಯಲ್ಲಿ ಠಣ್ ಠಣ್. ಬಿರುಕು ದಾಟಿದ್ದೇ ಡಬ್ ಡಬ್. ಕೆಳಗೆ ಪೊಳ್ಳು. ಪೊಳ್ಳಿನ ಮೇಲೆ ನಿಂತ ಒಡೆದ ನೆಲಕ್ಕೆ ಇನ್ನೆರಡು ಇಂಚಿನ ಭಾರ ಹೇರಿ, ಅದರ ಮೇಲೆ ಟೈಲ್ಸ್ ಹಾಕುವುದರಲ್ಲಿ ಅರ್ಥವಿಲ್ಲ.

ಮನೆ ಉಡುಪಿ ಹತ್ತಿರದ ಪರ್ಕಳದ ಇಳಿಜಾರಿನಲ್ಲಿದೆ. ನಮ್ಮ ಕಡೆಯ ಗುಡ್ಡಗಳಲ್ಲಿ ಸೈಟು ಮಾಡುವ ಕ್ರಮ ಎಲ್ಲರಿಗೂ ಗೊತ್ತು: ಮೇಲ್ಬದಿಯ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಕಡಿಯುವುದು, ಕಡಿದದ್ದನ್ನು ಕೆಳಬದಿಗೆ ತುಂಬುವುದು, ಮಟ್ಟ ಮಾಡಿ ಮನೆ ಕಟ್ಟುವುದು. ಶೆಡ್ಡಿನ ಒಳಬದಿಯ ಹತ್ತು ಅಡಿ ಕಡಿದ ಕಲ್ಲಿನ ಮೇಲೆ, ಗೇಟಿನ ಬದಿಯ ಎಂಟು ಅಡಿ ತುಂಬಿದ ಮಣ್ಣಿನ ಮೇಲೆ. ಕಲ್ಲು ಜಗ್ಗುವುದಿಲ್ಲ, ತುಂಬಿದ ಮಣ್ಣು ಜಗ್ಗುತ್ತದೆ. ಎರಡೂ ಸೇರುವ ಗೆರೆಯ ಮೇಲೆಯೇ ನೆಲ ತುಂಡಾಗಿತ್ತು.

ತುಂಬಿದ್ದು ಯಾವ ಮಣ್ಣು ಎಂಬುದು ಅಮ್ಮನಿಗೆ ನೆನಪಿತ್ತು. "ಬಾವಿ ತೆಗೆದಾಗ ಬಂದ ಬಿಳಿ ಮಣ್ಣೆಲ್ಲ ಅಲ್ಲಿಗೇ ಹಾಕಿದ್ದಲ್ವಾ ಮಗಾ, ಲಾರಿಗೆ ಕೊಡುವ ದುಡ್ಡು ಉಳೀತು ಅಂತ ನಿನ್ನ ಅಪ್ಪ ಹೇಳ್ತಿದ್ರು." ಬಾವಿಯ ಬಿಳಿ ಮಣ್ಣು ಎಂದರೆ ಶೇಡಿ. ಮುರಕಲ್ಲಿನ ಪದರ ದಾಟಿ ಕೆಳಗೆ ಹೋದರೆ ಸಿಗುವ, ಬಿಳಿ, ನಸುಗೆಂಪು, ಹಳದಿ ಬಣ್ಣದ ನುಣುಪು ಮಣ್ಣು. ಒಣಗಿದಾಗ ಪಿಕ್ಕಾಸಿಗೂ ಜಗ್ಗದು, ನೀರು ಕುಡಿದರೆ ಕೈಯಲ್ಲಿ ಜಾರುತ್ತದೆ. ಕರಾವಳಿಯಲ್ಲಿ ಮಳೆಗಾಲಕ್ಕೆ ಗುಡ್ಡ ಜರಿದ ಸುದ್ದಿ ಬಂದಲ್ಲೆಲ್ಲ ಈ ಶೇಡಿಯ ಹೆಸರು ಕೇಳುತ್ತದೆ. ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಇದರ ಮೇಲೆ ಸಾಕಷ್ಟು ಸಂಶೋಧನೆಯೂ ನಡೆದಿದೆ.

ಕಣ್ಣಾರೆ ನೋಡಬೇಕೆನಿಸಿ ಬಿರುಕಿನ ಕೆಳಗಿನಿಂದ ಒಂದು ಒಣ ಹೆಂಟೆ ಕಿತ್ತು ಗಾಜಿನ ಲೋಟದ ನೀರಿಗೆ ಹಾಕಿದೆ. ಪಕ್ಕದ ಲೋಟಕ್ಕೆ ಅಷ್ಟೇ ದೊಡ್ಡ ಮುರಕಲ್ಲಿನ ಚೂರು. ಶೇಡಿಯ ಅಂಚಿನಿಂದ ಗುಳ್ಳೆ ಎದ್ದವು, ಮೂಲೆ ಕಳಚಿತು, ಪದರ ಪದರವಾಗಿ ಉದುರಿತು. ಸ್ವಲ್ಪ ಹೊತ್ತಿಗೆ ಲೋಟದ ತಳದಲ್ಲಿ ಬರೇ ಕೆಸರು. ಮುರಕಲ್ಲು ನೀರನ್ನು ಒಂಚೂರು ಕೆಂಪು ಮಾಡಿ ಸುಮ್ಮನೆ ಕೂತಿತ್ತು. ಗುಡ್ಡದ ಮೇಲೆ ಮನೆ ಇರುವವರು ನೆಲಕ್ಕೆ ದುಡ್ಡು ಸುರಿಯುವ ಮೊದಲು ಈ ಎರಡು ಲೋಟದ ಪರೀಕ್ಷೆ ಮಾಡಿ ನೋಡಲೇಬೇಕು.

ಇನ್ನು ನೀರು ಎಲ್ಲಿಂದ? ಮೇಲೆಯೇ ಇತ್ತು. ಮಾಡಿನ ಆ ಬದಿಯ ನೀರೆಲ್ಲ ದಂಬೆಯಲ್ಲಿ ಬಂದು, ಒಂದೇ ಪೈಪಿನಲ್ಲಿ ಇಳಿದು, ಶೆಡ್ಡಿನ ಮೂಲೆಗೆ ಸುರಿಯುತ್ತಿತ್ತು. ಉಡುಪಿಯ ಮಳೆ ವರ್ಷಕ್ಕೆ 4,000 ಮಿ.ಮೀ. ಆಸುಪಾಸು. ಮಾಡಿನ ಆ ಬದಿ 40 ಚದರ ಮೀಟರ್ ಎಂದು ಹಿಡಿದರೂ ಒಂದು ವರ್ಷಕ್ಕೆ 1,60,000 ಲೀಟರ್ ನೀರು ಆ ಒಂದು ಮೂಲೆಗೆ. ಅಲ್ಲೇ ಒಂದು ಹೆಗ್ಗಣದ ಬಿಲವೂ ಇತ್ತು. ನೀರಿಗೆ ದಾರಿ, ಮಣ್ಣಿಗೆ ಹೊರಗೆ ಹೋಗಲು ಬಾಗಿಲು.

ಕೆಲಸಕ್ಕೆ ಕೈ ಹಾಕಿದ್ದು ಜನವರಿಯಲ್ಲಿ ಉಡುಪಿ ಕೃಷ್ಣಮಠದ ಪರ್ಯಾಯದ ಗೌಜಿ ಮುಗಿದ ಮೇಲೆ, ಆಗಲೇ ಟೆಂಪೋ, ಆಳು ಎಲ್ಲ ಸಿಕ್ಕಿದ್ದು. ನಡುವೆ ಮೇಸ್ತ್ರಿಯವರ ಊರಿನ ದೈವದ ನೇಮ, ಹುಡುಗರಿಗೆ ಕುಟುಂಬದ ಕಾರ್ಯ, ಎಲ್ಲ ಲೆಕ್ಕ ಹಾಕಿಕೊಂಡೇ ದಿನ ಗೊತ್ತು ಮಾಡಿದೆವು. ನಮ್ಮಲ್ಲಿ ಇಂಥ ಕೆಲಸಕ್ಕೆ ಜನವರಿ, ಫೆಬ್ರವರಿಯೇ ಪ್ರಶಸ್ತ. ಮೇ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ಶುರು ಮಾಡಿದರೆ ತೋಡಿದ ಹೊಂಡದಲ್ಲಿ ಮಳೆ ನೀರು ನಿಲ್ಲುವುದು ಖಂಡಿತ.

ಒಡೆಯುವುದಕ್ಕೆ ಬ್ರೇಕರ್ ಬಾಡಿಗೆಗೆ ತಂದೆ. ಹಳೆ ನೆಲ ಮೂರೇ ಇಂಚು ದಪ್ಪ, ಕಂಬಿ ಇಲ್ಲ. ಗೇಟಿನ ಬದಿಯ ತುಂಡುಗಳನ್ನು ಕೈಯಲ್ಲೇ ಎಬ್ಬಿಸಬಹುದಿತ್ತು, ಅಡಿಯಲ್ಲಿ ಕೈ ಹೋಗುವಷ್ಟು ಟೊಳ್ಳು. ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಆಗಾಗ ನೀರು ಚಿಮುಕಿಸುತ್ತಾ ಒಡೆಯಬೇಕು, ಕಾಂಕ್ರೀಟಿನ ಹುಡಿ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಸುಮಾರು ಮೂರು ಟನ್ನಿನಷ್ಟು ತುಂಡು ಬಂತು. ಅದನ್ನು ಎಸೆಯಲಿಲ್ಲ, ಮುಷ್ಟಿ ಗಾತ್ರಕ್ಕೆ ಒಡೆದು ಒಂದು ಬದಿಗೆ ರಾಶಿ ಹಾಕಿದೆ.

ಶೇಡಿ ತೆಗೆಯುವುದೇ ದೊಡ್ಡ ಕೆಲಸ. ಎಂಟು ಅಡಿ ಉದ್ದ, ಹನ್ನೊಂದು ಅಡಿ ಅಗಲ, ಒಂದೂವರೆ ಅಡಿ ಆಳ. ಪೂರ್ತಿ ತೆಗೆಯುತ್ತೇನೆ ಎಂದರೆ ಎಷ್ಟು ಆಳಕ್ಕೆ ಹೋಗಬೇಕೋ, ಗೋಡೆಯ ಪಂಚಾಂಗಕ್ಕೂ, ಅಂದರೆ ತಳಪಾಯಕ್ಕೂ, ಅಪಾಯ. ಒಂದೂವರೆ ಅಡಿ ಗಟ್ಟಿ ಹಾಸು ಹಾಕಿ, ನೀರು ಕೆಳಗಿಳಿಯದ ಹಾಗೆ ಮಾಡಿದರೆ ಅದರಡಿಯ ಶೇಡಿ ಒಣಗಿಯೇ ಇರುತ್ತದೆ. ಒಣ ಶೇಡಿ ಕಾರಿನ ಭಾರ ಆರಾಮವಾಗಿ ಹೊರುತ್ತದೆ. ಗೋಡೆಯ ಹತ್ತಿರ ಹೊಂಡವನ್ನು ನೇರ ಇಳಿಸದೆ ಓರೆಯಾಗಿ ಬಿಟ್ಟೆವು.

ಕಲ್ಲು ಮತ್ತು ಹೊಂಡ ಸೇರುವ ಕಡೆ ಕಲ್ಲನ್ನು ಎರಡು ಮೆಟ್ಟಿಲಾಗಿ ಕಡಿಸಿದೆ. ಗಟ್ಟಿಯಿಂದ ಮೆತ್ತಗೆ ಒಂದೇ ಸಲ ಬದಲಾಗಬಾರದು ಎಂದು. ಮೇಸ್ತ್ರಿಯವರಿಗೆ ಇದು ಹಿಡಿಸಲಿಲ್ಲ. "ಅಷ್ಟು ಒಳ್ಳೆ ಕಲ್ಲನ್ನು ಯಾಕೆ ಕಡಿಸುದು ಅಣ್ಣ? ಅದು ಅಲ್ಲಿ ಇದ್ರೆ ನಿಮಗೆಂತ ಉಪದ್ರ?" ಬಿರುಕಿನ ತುಂಡುಗಳನ್ನು ಮತ್ತೆ ಜೋಡಿಸಿ, ಒಡೆದ ಗೆರೆ ಸರಿಯಾಗಿ ಕಲ್ಲಿನ ಅಂಚಿನ ಮೇಲೆಯೇ ಬಂದದ್ದನ್ನು ತೋರಿಸಿದೆ. ಆಮೇಲೆ ಅವರೇ ಬ್ರೇಕರ್ ಹಿಡಿದರು.

ತುಂಬಿಸುವಾಗ ಅವಸರ ಮಾಡಿದರೆ ಹಳೆಯ ಕತೆಯೇ. ತಳದಲ್ಲಿ ಒಡೆದ ಕಾಂಕ್ರೀಟಿನ ತುಂಡು, ಸಂದಿಗೆ ಒಂದೂವರೆ ಇಂಚಿನ ಜಲ್ಲಿ ಮತ್ತು ಜಲ್ಲಿ ಹುಡಿ. ಅದರ ಮೇಲೆ ಕೋರೆಯಿಂದ ತಂದ ಮುರಕಲ್ಲಿನ ಚೂರು. ಮೇಲಿನ ನಾಲ್ಕು ಇಂಚು ಮತ್ತೆ ಜಲ್ಲಿ, ಹುಡಿ. ಒಂದು ಪದರ ಆರು ಇಂಚು ಮೀರದ ಹಾಗೆ ಹಾಕಿ, ಬಾಡಿಗೆಯ ಕಂಪ್ಯಾಕ್ಟರಿನಿಂದ ದಮ್ಮಸ್ಸು ಮಾಡಿಯೇ ಮುಂದಿನ ಪದರ. ಮೂಲೆಗಳಿಗೆ ಯಂತ್ರ ಹೋಗುವುದಿಲ್ಲ, ಅಲ್ಲಿ ಕೈ ದಮ್ಮಸ್ಸು. ಮಣ್ಣಿನ ಹದ ನೋಡಲು ಮುಷ್ಟಿಯಲ್ಲಿ ಹಿಡಿದು ಅದುಮುವುದು: ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಬರಬಾರದು. ಪದರ ಮುಗಿದಾಗ 8 ಮಿ.ಮೀ. ಕಂಬಿಯ ತುದಿಯಿಂದ ಚುಚ್ಚಿ ನೋಡುತ್ತಿದ್ದೆ. ಕಂಬಿ ಹೊಕ್ಕ ಕಡೆ ಮತ್ತೆ ಯಂತ್ರ. ಒಳಬದಿಯ ಕಲ್ಲನ್ನೂ ಹೊಸ ದಪ್ಪಕ್ಕೆ ಜಾಗವಾಗುವಷ್ಟು ಕೆತ್ತಿ, ಮೇಲೆ ಒಂದಿಂಚು ಜಲ್ಲಿ ಹುಡಿ ಹಾಸಿ ಒಂದೇ ಇಳಿಜಾರಿಗೆ ತಂದೆವು. ಒಳಗಿನಿಂದ ಗೇಟಿಗೆ 18 ಅಡಿಗೆ ಎರಡೂವರೆ ಇಂಚು ಇಳಿತ. ನೀರು ತುಂಬಿದ ಪೈಪಿನಲ್ಲಿ ಮಟ್ಟ ಹಿಡಿದು ಗೋಡೆಗೆ ಗೆರೆ ಹೊಡೆದಿಟ್ಟೆವು.

ಹುಡಿಯ ಮೇಲೆ 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ, ಜೋಡಿಸುವಲ್ಲಿ ಒಂದಡಿ ಮೇಲೆ ಮೇಲೆ ಬರುವಂತೆ. ಗೋಡೆಯ ಸುತ್ತ ಅರ್ಧ ಇಂಚಿನ ಥರ್ಮಕೋಲ್ ಪಟ್ಟಿ ನಿಲ್ಲಿಸಿದ್ದು, ನೆಲ ಮತ್ತು ಗೋಡೆ ಒಂದಕ್ಕೊಂದು ಅಂಟದೆ ಅವುಗಳ ಪಾಡಿಗೆ ಹಿಗ್ಗಲಿ ಕುಗ್ಗಲಿ ಎಂದು. 8 ಮಿ.ಮೀ. ಕಂಬಿ, ಎಂಟು ಇಂಚಿಗೊಂದರಂತೆ ಎರಡೂ ದಿಕ್ಕಿಗೆ, ಒಟ್ಟು 75 ಕಿಲೋ ಆಸುಪಾಸು. ಕಂಬಿಯನ್ನು ನೆಲಕ್ಕೇ ಮಲಗಿಸಿ, ಕಾಂಕ್ರೀಟು ಬಿದ್ದ ಮೇಲೆ ಕೊಕ್ಕೆಯಿಂದ ಎತ್ತಿಕೊಳ್ಳುವ ಅಭ್ಯಾಸ ಹಲವರಿಗೆ ಇದೆ. ಎತ್ತಿದ ಕಂಬಿ ಮತ್ತೆ ಮಲಗುತ್ತದೆ, ಅಡಿಯಲ್ಲಿ ಮಲಗಿದ ಕಂಬಿ ಮೇಲಿನ ಬಿರುಕನ್ನು ಹಿಡಿಯಲಾರದು. ಅದಕ್ಕೆ ಕಂಬಿಯ ಅಡಿಗೆ ಇಡುವ ಎರಡೂವರೆ ಇಂಚು ಎತ್ತರದ ಕಾಂಕ್ರೀಟು ತುಂಡು, ಅಂದರೆ ಕವರ್ ಬ್ಲಾಕುಗಳನ್ನು ಮೊದಲೇ ಎರೆದು, ನೀರಿನಲ್ಲಿ ಇಟ್ಟು ಗಟ್ಟಿ ಮಾಡಿ ಇಟ್ಟುಕೊಂಡಿದ್ದೆ.

ಇಡೀ ನೆಲವನ್ನು ಒಟ್ಟಿಗೇ ಹಾಕಿ ಮುಗಿಸಬೇಕೆಂದು ಮೇಸ್ತ್ರಿ, ಎರಡು ಭಾಗ ಮಾಡಬೇಕೆಂದು ನಾನು. ಕಲ್ಲಿನ ಅಂಚಿನ ಗೆರೆಯಲ್ಲಿ ನೆಲ ಹೇಗೂ ಮಿಸುಕಾಡುವುದೇ ಆದರೆ ಅಲ್ಲಿ ನಾವೇ ಒಂದು ಸಂದು ಕೊಟ್ಟುಬಿಡುವುದು ಒಳ್ಳೆಯದು. ಆದರೆ ಬರೇ ಸಂದು ಕೊಟ್ಟರೆ ಮತ್ತೆ ಒಂದು ಬದಿ ಕುಸಿದು ಮೆಟ್ಟಿಲು ಬೀಳಬಹುದು. ಅದಕ್ಕೆ ಡೋವೆಲ್ ಎನ್ನುವ ಉಪಾಯವಿದೆ: 16 ಮಿ.ಮೀ. ನುಣುಪು ಸರಳು, 16 ಇಂಚು ಉದ್ದದ್ದು, ಅಡಿಗೊಂದು. ಅರ್ಧ ಈ ಭಾಗದಲ್ಲಿ, ಅರ್ಧ ಆ ಭಾಗದಲ್ಲಿ. ಒಂದು ಅರ್ಧಕ್ಕೆ ಗ್ರೀಸ್ ಹಚ್ಚುವುದರಿಂದ ಕಾಂಕ್ರೀಟು ಉದ್ದಕ್ಕೆ ಸರಿಯಬಹುದು, ಮೇಲೆ ಕೆಳಗೆ ಮಾತ್ರ ಆಗದು. ಹೆದ್ದಾರಿಯ ಕಾಂಕ್ರೀಟು ರಸ್ತೆಯಲ್ಲಿ ಮಾಡುವುದೂ ಇದನ್ನೇ. ಐದು ಇಂಚಿನ ಹಲಗೆಯ ನಟ್ಟನಡುವೆ ತೂತು ಕೊರೆದು ಸರಳುಗಳನ್ನು ತೂರಿಸಿ, ಎಲ್ಲವೂ ಒಂದೇ ಮಟ್ಟದಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ ಇದೆಯೇ ಎಂದು ನೋಡಿಕೊಂಡೆವು. ಒಂದು ಓರೆಯಾದರೂ ಅದೇ ಜಾಗದಲ್ಲಿ ಕಾಂಕ್ರೀಟು ಸಿಡಿಯುತ್ತದೆ.

ನೆಲದ ದಪ್ಪ ಐದು ಇಂಚು, ಗೇಟಿನ ಅಂಚಿನಲ್ಲಿ ಒಂದಡಿ ಅಗಲಕ್ಕೆ ಎಂಟು ಇಂಚು. ಚಕ್ರ ಹತ್ತುವ ಪೆಟ್ಟು ಬೀಳುವುದು ಅಲ್ಲಿ, ಹೆಗ್ಗಣ ಕೊರೆಯಲು ನೋಡುವುದೂ ಅಲ್ಲೇ. ಎಲ್ಲ ಸೇರಿ ಎರಡೂವರೆ ಘನ ಮೀಟರಿನ ಒಳಗೆ. ಇಷ್ಟಕ್ಕೆ ರೆಡಿಮಿಕ್ಸ್ ಲಾರಿ ಕರೆಸುವುದು ದುಬಾರಿ, ನಮ್ಮ ಓಣಿಯ ತಿರುವಿನಲ್ಲಿ ಅದು ಹತ್ತುವುದೂ ಇಲ್ಲ. ಒಂದು ಚೀಲದ ಮಿಕ್ಸರ್ ಬಾಡಿಗೆಗೆ ತಂದೆವು. ಎಂ20 ಹದ, ಅಂದರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮುಕ್ಕಾಲು ಇಂಚಿನ ಜಲ್ಲಿ ಮೂರು ಪಾಲು. ಘನ ಮೀಟರಿಗೆ ಸುಮಾರು ಎಂಟು ಚೀಲ ಸಿಮೆಂಟು ಹಿಡಿಯುತ್ತದೆ. ಒಂದು ಚೀಲ ಎಂದರೆ 35 ಲೀಟರ್ ಗಾತ್ರ, ಅದೇ ಅಳತೆಗೆ ಹಲಗೆಯ ಪೆಟ್ಟಿಗೆ ಹೊಡೆಸಿಕೊಂಡೆ. ಬುಟ್ಟಿಯ ಲೆಕ್ಕ ಆಳಿನಿಂದ ಆಳಿಗೆ ಬದಲಾಗುತ್ತದೆ.

ಮರಳಿನ ಬಗ್ಗೆ ಕರಾವಳಿಯವರು ಹೆಚ್ಚು ಎಚ್ಚರ ಇರಬೇಕು. ಅಳಿವೆಯ ಹತ್ತಿರ ತೆಗೆದ ಹೊಯ್ಗೆ ನೋಡಲು ಚಂದ, ಅಗ್ಗವೂ ಇರಬಹುದು, ಆದರೆ ಅದರಲ್ಲಿ ಉಪ್ಪು ಇರುತ್ತದೆ. ಉಪ್ಪು ಇದ್ದಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ. ಸಮುದ್ರದ ಬದಿಯ ಹಳೆಯ ಮನೆಗಳ ಸಜ್ಜಾದಲ್ಲಿ ಕಂಬಿ ಹೊರಗೆ ಕಾಣುವುದು ಹೀಗಾಗಿಯೇ. ನಾನು ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ತರಿಸಿದೆ. ನೀರಿಗೂ ಇದೇ ಮಾತು: ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕಂಬಿ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ಪರ್ಕಳದ ಬಾವಿಗೆ ಆ ಹೆದರಿಕೆ ಇಲ್ಲ. ಮಲ್ಪೆ, ಕಾಪು ಬದಿಯಲ್ಲಿ ಬೇಸಗೆಗೆ ಬಾವಿ ಉಪ್ಪಾಗುವವರು ಟ್ಯಾಂಕರ್ ತರಿಸುವುದೇ ಸರಿ.

ಕಾಂಕ್ರೀಟಿನ ದಿನ ಬೆಳಗ್ಗೆ ಬೆಳಕು ಹರಿಯುವಾಗಲೇ ಶುರು. ಗಂಬೂಟು, ಕೈಗೆ ಗ್ಲೌಸು ಎಲ್ಲರಿಗೂ, ಹಸಿ ಕಾಂಕ್ರೀಟಿನ ಕ್ಷಾರಕ್ಕೆ ಚರ್ಮ ಸುಡುತ್ತದೆ. ಇಲ್ಲಿ ನಾನು ಪಟ್ಟು ಹಿಡಿದದ್ದು ನೀರಿನ ವಿಷಯದಲ್ಲಿ. ಮಿಕ್ಸರಿನ ಬಾಯಿಗೆ ಪೈಪು ಹಿಡಿದು ಗಂಜಿಯ ಹಾಗೆ ಮಾಡಿದರೆ ಎಳೆಯಲು ಸುಲಭ, ಆದರೆ ಹೆಚ್ಚಿನ ನೀರು ಆರಿ ಹೋದ ಜಾಗವೆಲ್ಲ ಸೂಕ್ಷ್ಮ ತೂತಾಗಿ ಉಳಿಯುತ್ತದೆ. ಚೀಲಕ್ಕೆ 25 ಲೀಟರ್, ಮರಳಿನ ಒದ್ದೆಯೂ ಅದರಲ್ಲೇ ಸೇರಿ. ಬಕೆಟಿಗೆ ಗೆರೆ ಹಾಕಿ ಅಳೆದೇ ಸುರಿದೆವು. ಎಳೆಯಲು ಕಷ್ಟವಾಗದಿರಲಿ ಎಂದು ಪ್ಲಾಸ್ಟಿಸೈಸರನ್ನು ಡಬ್ಬದ ಮೇಲೆ ಬರೆದಷ್ಟು ಸೇರಿಸಿದೆ. ಮೊದಲ ಮಿಶ್ರಣ ಬಿದ್ದಾಗ ಮೇಸ್ತ್ರಿ ಕರಣೆಯಿಂದ ಮಗುಚಿ ನೋಡಿ, "ಇಷ್ಟು ಗಟ್ಟಿ ಇದ್ರೂ ಎಳೀಲಿಕ್ಕೆ ಬರ್ತದಲ್ಲ ಮಾರಾಯ್ರೆ" ಎಂದರು. ಆಮೇಲೆ ಯಾರೂ ಪೈಪು ಮುಟ್ಟಲಿಲ್ಲ.

ಒಳಬದಿಯ ಭಾಗ ಮೊದಲು. ಸುರಿದು, ವೈಬ್ರೇಟರ್ ಇಟ್ಟು, ಅಲ್ಯುಮಿನಿಯಂ ಪಟ್ಟಿಯಿಂದ ಎಳೆದು ಮಟ್ಟ ಮಾಡಿದ ಮೇಲೆ ಕಾಯುವ ಕೆಲಸ. ಮೇಲ್ಮೈಯಲ್ಲಿ ತೆಳ್ಳಗೆ ನೀರು ಒಸರುತ್ತದೆ. ಆ ನೀರನ್ನು ಬೇಗ ಹೀರಲೆಂದು ಒಣ ಸಿಮೆಂಟು ಉದುರಿಸಿ ತಿಕ್ಕುವುದು ಹೆಚ್ಚಿನ ಕಡೆ ನಡೆಯುತ್ತದೆ. ಹಾಕಿದ ದಿನ ಫಳಫಳ, ಎರಡು ವರ್ಷದಲ್ಲಿ ಆ ಪದರ ಹಪ್ಪಳೆ ಎದ್ದು ಹೋಗುತ್ತದೆ. ಮೇಸ್ತ್ರಿಯವರ ಕೈ ಅಭ್ಯಾಸಬಲದಿಂದ ಚೀಲಕ್ಕೆ ಹೋಗಿತ್ತು. ಕಾಯುವಾ ಮೇಸ್ತ್ರಿ, ಇನ್ನೊಂದು ಚಾ ಕುಡಿಯುವಾ ಎಂದೆ. ನೀರು ತಾನಾಗಿ ಆರಿ ಹೊಳಪು ಮಾಸಿತು. ಹೆಬ್ಬೆರಳು ಒತ್ತಿದರೆ ಕಾಲಿಂಚು ಮಾತ್ರ ಗುರುತು ಬಿತ್ತು. ಆಗ ಮರದ ಹಲಗೆಯಿಂದ ಉಜ್ಜಿ, ಕರಣೆಯನ್ನು ಒಂದೇ ಸಲ ಹಗುರವಾಗಿ ಆಡಿಸಿ, ಕೊನೆಗೆ ಹೊಸ ಹಿಡಿಸೂಡಿಯನ್ನು ಒದ್ದೆ ಮಾಡಿ ಅಡ್ಡಕ್ಕೆ ಎಳೆದೆವು. ತೆಂಗಿನ ಕಡ್ಡಿಯ ಗೆರೆ ಒಂದೇ ಸಮ ಬಿತ್ತು. ಮಳೆಗಾಲದಲ್ಲಿ ಒದ್ದೆ ಚಪ್ಪಲಿಯಲ್ಲಿ ಓಡಾಡುವ ನೆಲಕ್ಕೆ ಇದಕ್ಕಿಂತ ಒಳ್ಳೆಯ ಮೇಲ್ಮೈ ಇಲ್ಲ, ಪಾಲಿಶ್ ಟೈಲ್ಸ್ ಅಂತೂ ಬೇಡವೇ ಬೇಡ.

ಅದು ಗಟ್ಟಿಯಾದ ಮೇಲೆ ಹಲಗೆ ಬಿಚ್ಚಿ, ಹೊರಗೆ ಚಾಚಿದ ಸರಳುಗಳಿಗೆ ಗ್ರೀಸ್ ಹಚ್ಚಿ, ಅಂಚಿಗೆ ಥರ್ಮಕೋಲ್ ಅಂಟಿಸಿ ಗೇಟಿನ ಬದಿ ಹಾಕಿದೆವು. ಕ್ರಮ ಅದೇ.

ಕ್ಯೂರಿಂಗಿಗೆ, ಅಂದರೆ ಹೊಸ ಕಾಂಕ್ರೀಟನ್ನು ಒಣಗದಂತೆ ಒದ್ದೆಯಾಗಿಡುವುದಕ್ಕೆ, ಐಎಸ್ 456 ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ಎನ್ನುತ್ತದೆ. ಅಂಗಡಿಯಲ್ಲಿ ಈಗ ಹೆಚ್ಚಾಗಿ ಸಿಗುವುದು ಪಿಪಿಸಿ, ಅದರಲ್ಲಿ ಹಾರುಬೂದಿ ಇದ್ದೇ ಇರುತ್ತದೆ. ಬೆಳಗ್ಗೆ ಸಂಜೆ ಎರಡು ಚೊಂಬು ನೀರು ಚೆಲ್ಲಿದರೆ ಅದು ಕ್ಯೂರಿಂಗ್ ಅಲ್ಲ, ನಡುಮಧ್ಯಾಹ್ನ ನೆಲ ಒಣಗಿಯೇ ಇರುತ್ತದೆ. ಇಳಿಜಾರು ನೆಲವಾದ್ದರಿಂದ ಕಟ್ಟ ಕಟ್ಟಿ ನೀರು ನಿಲ್ಲಿಸಲು ಬರುವುದಿಲ್ಲ. ಗೋಣಿ ಹಾಸಿ, ನೆನೆಸಿ, ಮೇಲೆ ಟಾರ್ಪಲ್ ಮುಚ್ಚಿದೆವು. ಹಗಲು ಹೊತ್ತು ಗೋಣಿ ಒಣಗದ ಹಾಗೆ ನೋಡಿಕೊಂಡದ್ದು ಅಮ್ಮ, ಪೈಪು ಅವರ ಕೈಯಲ್ಲೇ ಇತ್ತು. ಕಾರನ್ನು 28 ದಿನ ಕಳೆಯುವ ತನಕ ರಸ್ತೆ ಬದಿಗೇ ಬಿಟ್ಟೆ.

ಅಷ್ಟರಲ್ಲಿ ನೀರಿನ ದಾರಿ ಬದಲಿಸಿದೆ. ಮಾಡಿನ ಪೈಪಿಗೆ ನಾಲ್ಕಿಂಚಿನ ಪಿವಿಸಿ ಜೋಡಿಸಿ, ಗೋಡೆಯ ಹೊರಗಿನಿಂದ ಕೊಂಡುಹೋಗಿ ಕೆಳಗಿನ ತೋಡಿಗೆ ಬಿಟ್ಟದ್ದು. ಇಂಗುಗುಂಡಿ ಮಾಡಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ನೀರಿಂಗಿಸುವುದು ಒಳ್ಳೆಯದೇ, ಆದರೆ ಶೇಡಿ ತುಂಬಿದ ಇಳಿಜಾರಿನಲ್ಲಿ, ಮನೆಯ ಪಂಚಾಂಗದ ಬುಡದಲ್ಲಿ ನೀರಿಂಗಿಸಿದರೆ ಗುಡ್ಡವನ್ನೇ ಮೆತ್ತಗೆ ಮಾಡಿದ ಹಾಗೆ. ಗೇಟಿನ ಅಡ್ಡಕ್ಕೆ ಆರಿಂಚು ಅಗಲದ ಚರಂಡಿ ತೆಗೆದು, ಮೇಲೆ ಕಬ್ಬಿಣದ ಜಾಲರಿ ಕೂರಿಸಿದೆ. ರಸ್ತೆಯಿಂದ ಹರಿದು ಬರುವ ನೀರೂ ಅದರಲ್ಲೇ ಹೋಗುತ್ತದೆ.

ಕೊನೆಯ ಕೆಲಸ ಸಂದುಗಳದ್ದು. ನೆಲ ಪೂರ್ತಿ ಆರಿದ ಮೇಲೆ ಥರ್ಮಕೋಲನ್ನು ಮೇಲಿನಿಂದ ಅರ್ಧ ಇಂಚು ಕೆರೆದು ತೆಗೆದು, ಹುಡಿ ಗುಡಿಸಿ, ಎರಡೂ ಅಂಚಿಗೆ ಟೇಪ್ ಅಂಟಿಸಿ ಪಾಲಿಸಲ್ಫೈಡ್ ಸೀಲೆಂಟ್ ತುಂಬಿದೆ. ಗೋಡೆಯ ಸುತ್ತಲೂ, ನಡುವಿನ ಗೆರೆಗೂ. ಇಲ್ಲಿ ಸಿಮೆಂಟು ತುಂಬಬಾರದು, ರಬ್ಬರಿನಂತೆ ಎಳೆದಾಡುವ ವಸ್ತುವೇ ಬೇಕು. ಇದು ಶಾಶ್ವತವಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ಬೆರಳಿನಿಂದ ಒತ್ತಿ ನೋಡಿ, ಅಂಚು ಬಿಟ್ಟ ಕಡೆ ಕಿತ್ತು ಹೊಸದಾಗಿ ತುಂಬಬೇಕು. ಕುಸಿದ ನೆಲ ಮೊದಲಿನ ಎತ್ತರಕ್ಕೆ ಬಂದದ್ದರಿಂದ ಗೇಟು ನೆಲಕ್ಕೆ ಉಜ್ಜತೊಡಗಿತು. ವೆಲ್ಡಿಂಗಿನವರು ಬಂದು ಗೇಟಿನ ಕೆಳಪಟ್ಟಿಯನ್ನು ಒಂದೂವರೆ ಇಂಚು ಮೇಲೆ ಕೂರಿಸಿ, ಪ್ರೈಮರ್ ಹೊಡೆದು ಕೊಟ್ಟಿದ್ದಾರೆ. ಪೇಂಟು ಬಾಕಿ ಇದೆ.